ಸಂಚಕಾರದ ಕೈ

ಗುಡಗೇರಿಯ ಲಕ್ಷ್ಮಣಪ್ಪನ ಮನೆಯಲ್ಲಿ ದೊಡ್ಡದು ಏನೇ ಕೊಳ್ಳಲಿ, ಸಂಚಕಾರದ ಹಣ ಹಿರಿಯ ಸೊಸೆ ಸಾವಿತ್ರೆವ್ವನ ಕೈಯಿಂದಲೇ ಹೋಗಬೇಕು. ವ್ಯಾಪಾರ ಮುಗಿಯಿತು ಎಂಬುದಕ್ಕೆ ಮುಂಗಡವಾಗಿ ಕೊಡುವ ನೋಟನ್ನು ಅವಳು ಕಣ್ಣಿಗೊತ್ತಿಕೊಂಡು ಮಾರುವವನ ಅಂಗೈಯಲ್ಲಿ ಇಡುತ್ತಿದ್ದಳು. ಮದುವೆಯಾಗಿ ಬಂದ ವರ್ಷ ಮಾವ ಹಾಗೆ ಕೊಡಿಸಿ ಸಂತೆಯಿಂದ ಒಂದು ಎಮ್ಮೆ ತಂದಿದ್ದ. ಆ ಎಮ್ಮೆ ಹಾಲು ಕೊಟ್ಟಿತು, ಕರು ಕೊಟ್ಟಿತು, ಕರುವಿನ ಕರುವೂ ಹಿಂಡಿತು. ಅಂದಿನಿಂದ ಹೊಲ ಗೇಣಿಗೆ ಹಿಡಿಯಲಿ, ಟಿವಿ ತರಲಿ, ಗಂಡ ಮಾಳಪ್ಪನಿಗೆ ಬೈಕು ಕೊಳ್ಳಲಿ, ಅದೇ ಕೈ. ಅವಳು ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ಲಕ್ಷ್ಮಣಪ್ಪ ತಡೆಯಲಾರದೆ ತಾನೇ ಸಂಚಕಾರ ಕೊಟ್ಟು ಬೋರು ಹಾಕಿಸಿದ. ಬರೀ ಧೂಳು ಬಂತು. ನೀರು ಬಿದ್ದ ಬೋರಿನಿಂದಲೂ ಯಾವ ಸೊಸೆಗೂ ಅಷ್ಟು ಮಾನ ಬಂದಿರಲಾರದು, ಆ ಧೂಳಿನಿಂದ ಸಾವಿತ್ರೆವ್ವನಿಗೆ ಬಂತು.

ಈ ಸಲ ಮೆಣಸಿನಕಾಯಿಗೆ ಒಳ್ಳೆಯ ರೇಟು ಸಿಕ್ಕಿತ್ತು. ಏನು ಕೊಳ್ಳುವುದು ಎಂಬ ಮಾತು ಒಲೆಯ ಮುಂದೆಯೇ ಶುರುವಾಯಿತು. ಮನೆಯ ಹೆಂಗಸರು ಬೇಸಾಯದ ಜೊತೆಗೆ ಜೋಳದ ಖಡಕ್ ರೊಟ್ಟಿ ಬಡಿದು ಮಾರುತ್ತಿದ್ದರು. ಬಾಜು ಮನೆಯ ಮೀರಾಬಿ ಅವನ್ನು ಕಟ್ಟಿಕೊಂಡು ರೈಲಿನಲ್ಲಿ ಹುಬ್ಬಳ್ಳಿಯ ಖಾನಾವಳಿಗಳಿಗೆ ಮುಟ್ಟಿಸುವಳು.

"ಎರಡು ಛಲೋ ಎಮ್ಮಿ ತರೂಣ್ರಿ ಮಾವಾರ," ಎಂದಳು ಸಾವಿತ್ರೆವ್ವ. "ಇದ್ದ ಎಮ್ಮಿ ಮಾರಿದ ಮ್ಯಾಲ ಕೊಟಗಿ ಅರ್ಧ ಖಾಲಿ ಬಿದ್ದೈತಿ."

"ರೊಟ್ಟಿ ಮಷಿನ್ ತಂದ್ರ ಹೆಂಗ್ರಿ?" ಎಂದಳು ಕಿರಿಯ ಸೊಸೆ ಮಲ್ಲಿಕಾ. ಅಳ್ನಾವರದ ಹುಡುಗಿ, ಬಿ.ಎ. ಮುಗಿಸಿದವಳು, ಲಕ್ಷ್ಮಣಪ್ಪನ ಕಿರಿಮಗ ಸಿದ್ಧಲಿಂಗನನ್ನು ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. "ಮೀರಾಬಿ ಚಾಚಿ ಕೇಳಿದಷ್ಟು ರೊಟ್ಟಿ ನಮ್ಮ ಕೈಲೆ ಆಗವಲ್ದು. ನನ್ನ ಫೋನಿನಾಗ ಎಐ ಅಂತ ಐತ್ರಿ. ಕನ್ನಡದಾಗ ಕೇಳಿದ್ರ ಕನ್ನಡದಾಗ ಹೇಳ್ತೈತಿ. ಅದನ್ನೊಮ್ಮೆ ಕೇಳಿ ನೋಡೂಣೇನ್ರಿ?"

ಲಕ್ಷ್ಮಣಪ್ಪನಿಗೆ ಹೊಸದೆಂದರೆ ಮೊದಲೇ ಖುಷಿ. ಊಟವಾದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ಕೂತರು. ಮಲ್ಲಿಕಾ ಫೋನನ್ನು ಬೋರಲು ಹಾಕಿದ ತಂಬಿಗೆಗೆ ಒರಗಿಸಿಟ್ಟು, ಮಾವನ ಹೆಸರನ್ನೂ ವಿಷಯವನ್ನೂ ಹೇಳಿದಳು. ಅದರಿಂದ ಹೆಣ್ಣು ದನಿ ಬಂತು.

"ನಮಸ್ಕಾರ ಲಕ್ಷ್ಮಣಪ್ಪನವರೇ. ಸಲಹೆ ಕೊಡುವ ಮೊದಲು ಕೆಲವು ವಿಷಯ ತಿಳಿಯಬೇಕು. ನಿಮ್ಮ ಮನೆಯಲ್ಲಿ ಎಷ್ಟು ಜನ ಇದ್ದೀರಿ?"

ಲಕ್ಷ್ಮಣಪ್ಪ ರುಮಾಲು ಸರಿಪಡಿಸಿಕೊಂಡ. "ಏಳು ಮಂದಿ ಅದೀವ್ರಿ. ನಾ, ನನ್ನ ಹೇಣ್ತಿ, ಇಬ್ರ ಮಕ್ಕಳು, ಇಬ್ರ ಸೊಸ್ತೇರು, ದೊಡ್ಡವನ ಮಗಳು ಕೃಷ್ಣಾ."

"ನನಗ ಒಂದಿನಾ 'ರಿ' ಅಂದಿಲ್ಲ," ಎಂದಳು ಹೆಂಡತಿ ಸಣ್ಣವ್ವ. "ಫೋನಿನ್ಯಾಗಿನಾಕಿಗೆ ಅದೇನ ಮರ್ಯಾದಿ."

ಎಲ್ಲರೂ ನಕ್ಕರು. ಸಾವಿತ್ರೆವ್ವನೂ ನಕ್ಕಳು, ಆದರೆ ಸ್ವಲ್ಪ ತಡವಾಗಿ.

ಫೋನು ಕರೆಂಟು ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿತು. ಮೇವು ಸ್ವಂತದ್ದೋ ಕೊಳ್ಳುವುದೋ, ರೊಟ್ಟಿ ಯಾರು ಕೊಳ್ಳುತ್ತಾರೆ, ಮಷಿನ್ ಕೆಟ್ಟರೆ ರಿಪೇರಿ ಮಾಡುವವರು ಎಲ್ಲಿದ್ದಾರೆ ಎಂದೂ ಕೇಳಿತು. ಎಮ್ಮೆ ಬೇಕೆನ್ನುವವರು ಯಾಕೆ ಬೇಕೆನ್ನುತ್ತಾರೆ ಎಂದು ಅದು ಕೇಳುವ ಹೊತ್ತಿಗೆ ಸಾವಿತ್ರೆವ್ವ ಎದ್ದು ಒಳಗೆ ಹೋದಳು. ಎರಡೂ ಒಳ್ಳೆಯವೇ, ಆದರೆ ಕೊಳ್ಳುವವರನ್ನು ಮೊದಲು ಗಟ್ಟಿ ಮಾಡಿಕೊಂಡರೆ ಮಷಿನ್ ಹೆಚ್ಚು ಲಾಭ ಎಂದಿತು. ಲಕ್ಷ್ಮಣಪ್ಪ ತಲೆದೂಗಿದ.

"ಎಷ್ಟ ತಾಳ್ಮಿ ನೋಡು ಆಕಿಗೆ. ನಾಕ ಸಲ ಕೇಳಿದ್ರೂ ಸಿಟ್ಟಿಲ್ಲ."

ಅಂದಿನಿಂದ ಸಂಜೆಯಾದರೆ "ಫೋನ್ ತಾರವ್ವಾ ಮಲ್ಲಿಕಾ" ಎಂಬುದೇ ಪಾಠವಾಯಿತು. ಮಾವ ಸೊಸೆ ತಲೆಗೆ ತಲೆ ಕೊಟ್ಟು ಕೂರುವರು. ಕೃಷ್ಣಾ ಶಾಲೆಯಿಂದ ಬಂದವಳು ಪಾಟಿಚೀಲ ಎಸೆದು "ಚಿಗವ್ವಾ, ನಾನೂ ಕೇಳ್ತೀನಿ" ಎಂದು ಮಲ್ಲಿಕಾಳ ತೊಡೆಯ ಮೇಲೆ ಬೀಳುವಳು. ಮೊದಲು ಶಾಲೆಯ ಸುದ್ದಿಯನ್ನೆಲ್ಲ ಒಲೆಯ ಮುಂದೆ ತಾಯಿಗೆ ಹೇಳುತ್ತಿದ್ದ ಹುಡುಗಿ ಅದು.

ಸಾವಿತ್ರೆವ್ವನಿಗೆ ಹೊಟ್ಟೆ ಉರಿಯಿತು. ಅದನ್ನು ಬೇರೆ ಹೆಸರಿನಿಂದ ಕರೆಯುವುದರಲ್ಲಿ ಅರ್ಥವಿಲ್ಲ. ಹಂಚಿನ ಮೇಲಿನ ರೊಟ್ಟಿಗಿಂತ ಅವಳೇ ಹೆಚ್ಚು ಬೆಂದಳು. ಮಲ್ಲಿಕಾ ಮಾಡಿದ ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚೆಂದಳು, ಝುಣಕಕ್ಕೆ ಕಡಿಮೆಯೆಂದಳು. ಕೊಟ್ಟಿಗೆ ಬಳಿಯುವ ಕೆಲಸ ತನ್ನ ಪಾಳಿಯದಿದ್ದರೂ ಅವಳ ಮೇಲೆ ಹಾಕಿದಳು. ಮಲ್ಲಿಕಾ ಬಳಿದಳು. ಅವಳು ತಿರುಗಿ ಮಾತಾಡಿದ್ದರೆ ಸಾವಿತ್ರೆವ್ವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನಿನ್ನ ಬಡಿಯೂ ಸಪ್ಪಳಕ್ಕ ನನಗ ಎಚ್ಚರ ಆಗ್ತೈತಿ ನೋಡು," ಎಂದಳು ಒಂದು ದಿನ ರೊಟ್ಟಿ ಒಯ್ಯಲು ಬಂದ ಮೀರಾಬಿ.

"ಇನ್ನ ಮ್ಯಾಲ ಮಷಿನ್ ಸಪ್ಪಳಕ್ಕ ಏಳುವಂತಿ," ಎಂದಳು ಸಾವಿತ್ರೆವ್ವ. "ಹಿತ್ತಲ ಗಿಡ ಮದ್ದಲ್ಲ ಬಿಡು."

"ಯಾಕ ಬೇ, ಮೂವತ್ತೈದರಾಗ ಮುದುಕಿ ಮಾತಾಡ್ತಿ?"

ಸಾವಿತ್ರೆವ್ವ ರೊಟ್ಟಿಯ ಗಂಟನ್ನು ಅವಳ ತಲೆಗೆ ಏರಿಸಿ ಒಳಗೆ ಹೋದಳು.

ಮಾಘ ಕಳೆಯುವ ಹೊತ್ತಿಗೆ ಮಾತು ಗಟ್ಟಿಯಾಯಿತು. ಹುಬ್ಬಳ್ಳಿಯ ಎರಡು ಖಾನಾವಳಿಯವರು ಮಷಿನ್ ರೊಟ್ಟಿ ಆದರೂ ನಡೆಯುತ್ತದೆ ಎಂದು ಮೀರಾಬಿಗೆ ಹೇಳಿದ್ದರು. ಊಟಕ್ಕೆ ಕೂತಾಗ ಲಕ್ಷ್ಮಣಪ್ಪ, "ಬರೂ ಸೋಮವಾರ ಹುಬ್ಬಳ್ಳಿಗೆ ಹೋಗೂಣು," ಎಂದ. "ಅದಕಿಂತ ಮೊದಲ ಕಡೀ ಮಾತು ಒಮ್ಮೆ ಫೋನಿಗೆ ಕೇಳೂಣು. ಸಾವಿತ್ರಿ, ಸಂಚಕಾರ ಕೊಡಾಕ ನೀನೂ ತಯಾರಾಗವ್ವಾ."

ಸಾವಿತ್ರೆವ್ವನ ಮುಖ ಅರಳಿತು. ಅದೇ ಹೊತ್ತಿಗೆ ಮಲ್ಲಿಕಾ, ಮಜ್ಜಿಗೆ ಬಡಿಸುತ್ತ, ಕೆಟ್ಟ ಮನಸ್ಸೇನೂ ಇಲ್ಲದೆ ಹೇಳಿದಳು: "ಅಕ್ಕಾರ ಯಾಕ ಸುಮ್ನ ಬಿಸಿಲಾಗ ಬರಬೇಕ್ರಿ? ಸಂಚಕಾರ ಫೋನಿನಾಗ ಕಳಿಸಿದ್ರ ಆತು. ಈಗ ಕೈಯಾಗ ಯಾರ ಕೊಡ್ತಾರ್ರಿ."

"ಅದೂ ಖರೇ," ಎಂದ ಲಕ್ಷ್ಮಣಪ್ಪ, ಮತ್ತು ಮಜ್ಜಿಗೆ ಕುಡಿದ.

ಸಾವಿತ್ರೆವ್ವ ಆ ಹೊತ್ತು ಉಣ್ಣಲಿಲ್ಲ. ಪಾತ್ರೆ ತಿಕ್ಕುವಾಗ ಮಲ್ಲಿಕಾಳಿಗೆ ಕೇಳುವಂತೆ ಗಂಗಾಳ ಕುಕ್ಕಿದಳು.

"ನನ್ನ ಕೈಗೆ ಏನ ರೋಗ ಬಂದೈತಿ ಅಂತ ಹಂಗಂದಿ?"

"ಹಂಗಲ್ಲರಿ ಅಕ್ಕಾರ. ನಿಮಗ ತ್ರಾಸ ಆಗಬಾರದು ಅಂತ ಅಂದೆ."

"ಇಷ್ಟು ವರ್ಷ ಈ ಮನಿಗೆ ಬಂದದ್ದೆಲ್ಲ ಈ ಕೈಲೆ ಬಂದೈತಿ."

ಮಲ್ಲಿಕಾ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು. "ಬೈಬ್ಯಾಡ್ರಿ, ಒಂದ ಮಾತು. ಅವರು ನಿಮ್ಮ ಕೈ ಕೇಳ್ತಾರ. ನಿಮ್ಮನ್ನ ಕೇಳ್ತಾರೇನ್ರಿ? ಎಮ್ಮಿ ಬೇಕಂತ ಹೇಳಿದ್ರೆಲ್ಲ, ಯಾಕ ಅಂತ ಯಾರರ ಕೇಳಿದ್ರೇನು? ಫೋನ್ ಒಂದ ಕೇಳಿತ್ತು. ನೀವು ಎದ್ದು ಒಳಗ ಹೋದ್ರಿ."

ಮಾತು ನಿಜವಾಗಿತ್ತು. ಅದಕ್ಕೇ ಸಾವಿತ್ರೆವ್ವನಿಗೆ ಇನ್ನೂ ಉರಿಯಿತು.

ಮರುದಿನ ಮಧ್ಯಾಹ್ನ ಮನೆ ಖಾಲಿಯಿತ್ತು. ಗಂಡಸರು ಹೊಲಕ್ಕೆ, ಕೃಷ್ಣಾ ಶಾಲೆಗೆ ಹೋಗಿದ್ದರು. ಅತ್ತೆ ಮತ್ತು ಮಲ್ಲಿಕಾ ಹಿಟ್ಟಿನ ಗಿರಣಿಗೆ ಹೋಗಿದ್ದರು. ಫೋನು ಪಡಸಾಲೆಯಲ್ಲಿ ಚಾರ್ಜಿಗೆ ಹಾಕಿತ್ತು. ಸೊಸೆಯಂದಿರ ಫೋನಿಗೆ ಲಾಕ್ ಇರಬಾರದು ಎಂಬುದು ಸಣ್ಣವ್ವನ ಕಾನೂನು. ಎಲ್ಲಿ ಒತ್ತಬೇಕು ಎಂಬುದನ್ನು ಸಾವಿತ್ರೆವ್ವ ಅಷ್ಟು ದಿನದಿಂದ ಬಾಗಿಲ ಮರೆಯಲ್ಲಿ ನಿಂತು ನೋಡಿದ್ದಳು. ಒತ್ತಿ, ಬಾಯಿ ಹತ್ತಿರ ತಂದು, ಪಿಸುಗುಟ್ಟಿದಳು.

"ನಮ್ಮ ಸಣ್ಣ ಸೊಸಿ ವರ್ಷದೊಳಗ ಗಂಡನ್ನ ಕರಕೊಂಡು ಬ್ಯಾರಿ ಹೋಗಾಕಿ ಅದಾಳ. ತುದಿಗಾಲ ಮ್ಯಾಲ ನಿಂತಾಳ. ಈಗ ಹೇಳು, ಎಮ್ಮಿ ತರೂಣೋ ಮಷಿನ್ ತರೂಣೋ?"

ಎಮ್ಮೆ ಎಂದಿತು ಫೋನು. ಇನ್ನೂ ಏನೇನೋ ಹೇಳುತ್ತಿತ್ತು. ಹೊರಗೆ ಯಾರದೋ ಚಪ್ಪಲಿಯ ಸಪ್ಪಳ ಕೇಳಿ ಅವಳು ಫೋನನ್ನು ಇದ್ದಲ್ಲೇ ಇಟ್ಟು ಓಡಿದಳು. ಗಿಣಿಶಾಸ್ತ್ರದ ಗಿಣಿ ಚೀಟಿ ಎತ್ತಿ ಕೊಡುತ್ತದೆ, ಯಾಕೆ ಎತ್ತಿದೆ ಎಂದು ಹೇಳುವುದಿಲ್ಲ. ಇದೂ ಹಾಗೇ ಎಂದು ಅವಳು ನಂಬಿದ್ದಳು. ಆ ಸಂಜೆ ಬದನೆಕಾಯಿ ಎಣ್ಣೆಗಾಯಿ ಮಾಡಿದಳು, ಮಲ್ಲಿಕಾಳಿಗೂ ಎರಡು ಹೆಚ್ಚು ಬಡಿಸಿದಳು.

"ಹಂಗಾರ ಕಡೀ ಮಾತು ಕೇಳೇ ಬಿಡೂಣು," ಎಂದ ಲಕ್ಷ್ಮಣಪ್ಪ ಕೈತೊಳೆದು ಬಂದು.

"ಕೇಳ್ರಿ ಮಾವಾರ," ಎಂದಳು ಸಾವಿತ್ರೆವ್ವ. ಅವಳು ಮೊದಲ ಸಲ ಫೋನಿನ ಎದುರಿಗೇ ಕೂತಳು. "ಅದು ಏನ ಹೇಳ್ತೈತಿ ಅದ ಆಗ್ಲಿ."

ಮಲ್ಲಿಕಾ ಗುಂಡಿ ಒತ್ತಿದಳು. ಲಕ್ಷ್ಮಣಪ್ಪ ಕೇಳಿದ. ದನಿ ಎಂದಿನ ತಾಳ್ಮೆಯಿಂದಲೇ ಹೇಳಿತು.

"ನೀವು ಈ ಮೊದಲು ತಿಳಿಸಿದಂತೆ, ಕಿರಿಯ ಮಗ ಮತ್ತು ಸೊಸೆ ಒಂದು ವರ್ಷದೊಳಗೆ ಬೇರೆ ಹೋಗುವುದಿದ್ದರೆ, ಎರಡು ಎಮ್ಮೆ ಕೊಳ್ಳುವುದೇ ಸೂಕ್ತ. ಬೇರೆಯಾಗುವಾಗ ಒಬ್ಬರಿಗೊಂದು ಹಂಚಿಕೊಳ್ಳಬಹುದು. ಯಂತ್ರವನ್ನು ಹಂಚಲು ಬರುವುದಿಲ್ಲ."

ಈಗ ಎಲ್ಲರೂ ತನ್ನ ಕಡೆ ತಿರುಗುತ್ತಾರೆ ಎಂದುಕೊಂಡಳು ಸಾವಿತ್ರೆವ್ವ. ಯಾರೂ ತಿರುಗಲಿಲ್ಲ. ಎಲ್ಲರ ಕಣ್ಣು ಮಲ್ಲಿಕಾಳ ಮೇಲಿತ್ತು.

"ಭೇಷ್," ಎಂದಳು ಸಣ್ಣವ್ವ. "ದಿನಾ ಅದರ ಕೂಡ ಕುಂತು ಇದನ್ನ ಮಾತಾಡ್ತಿದ್ದೇನು?"

"ನಾ ಅಂದಿಲ್ರಿ ಅತ್ತಿಯಾರ."

"ನಿನ್ನ ಫೋನು, ನಿನ್ನ ಮಾತು. ಮತ್ತ ಯಾರ ಅಂತಾರ?"

ಮಲ್ಲಿಕಾ ಫೋನನ್ನು ಎತ್ತಿ, ಆಡಿದ ಮಾತೆಲ್ಲ ಅಕ್ಷರವಾಗಿ ಉಳಿದಿದ್ದ ಪರದೆಯನ್ನು ಬೆರಳಿನಿಂದ ಮೇಲೆ ಸರಿಸಿ ನೋಡಿದಳು. ಅವಳ ಕಣ್ಣು ಒಂದು ಕಡೆ ನಿಂತಿತು. ಅಲ್ಲಿ ಏನಿದೆ ಎಂದು ಸಾವಿತ್ರೆವ್ವನಿಗೆ ಗೊತ್ತಿತ್ತು. ಮಲ್ಲಿಕಾ ಅದನ್ನು ತೋರಿಸಲು ಕೈ ಮುಂದೆ ಚಾಚಿದ್ದಳು ಕೂಡ. ಅಷ್ಟರಲ್ಲಿ ಸಿದ್ಧಲಿಂಗ ಹೆಂಡತಿಯನ್ನು ಕೇಳಿದ.

"ಹಂಗಂದೀಯೇನ ನೀ?"

ಮಲ್ಲಿಕಾ ಗಂಡನನ್ನು ನೋಡಿದಳು. ಆಮೇಲೆ ಫೋನನ್ನು ಬೋರಲು ಇಟ್ಟು ಎದ್ದು ಹೋದಳು.

ಮರುದಿನ ಅರಿವೆ ಒಗೆಯುವ ಕಲ್ಲಿನ ಹತ್ತಿರ ಅವಳೇ ಬಂದು ನಿಂತಳು.

"ಅಕ್ಕಾರ, ನನ್ನ ನಾನ 'ಸಣ್ಣ ಸೊಸಿ' ಅಂತ ಕರಕೊಳ್ಳಾಂಗಿಲ್ಲ."

ಸಾವಿತ್ರೆವ್ವ ಸೀರೆ ಹಿಂಡುತ್ತಲೇ ಇದ್ದಳು.

"ನಿನ್ನೆ ತೋರಿಸಬಹುದಿತ್ತು," ಎಂದಳು ಮಲ್ಲಿಕಾ. "ತೋರಿಸಿ ಬದುಕೂದು ಬ್ಯಾಡ ಅನಿಸ್ತು. ನನ್ನ ಗಂಡಾನ ನನ್ನ ನಂಬಲಾರದ ಕೇಳಿದ. ನೀವ ಹೇಳ್ರಿ. 'ನಾ ಅಂದಿದ್ದೆ' ಅಂತ ಒಂದ ಮಾತು. ಮುಂದ ನಾ ಅದರ ಸುದ್ದಿ ಎತ್ತಾಂಗಿಲ್ಲ. ಕಾಯ್ತೀನಿ."

"ನೀ ಏನ ಮಾತಾಡಾಕತ್ತೀ ನನಗ ತಿಳಿಯವಲ್ದು," ಎಂದಳು ಸಾವಿತ್ರೆವ್ವ.

ಹೇಳಬೇಕು ಎಂದು ಅವಳಿಗೆ ಅನ್ನಿಸಲಿಲ್ಲವೆಂದಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡಳು. ಆದರೆ ಮನೆಯ ಗಾಳಿ ಅವಳ ಕಡೆಗೆ ತಿರುಗಿಬಿಟ್ಟಿತ್ತು. ಲಕ್ಷ್ಮಣಪ್ಪ ಫೋನಿನ ಹೆಸರೆತ್ತುವುದನ್ನು ಬಿಟ್ಟ. ಸಂಜೆ ಒಲೆಯ ಮುಂದೆ ಬಂದು ಕೂತು, "ನೀನ ಹೇಳವ್ವಾ ಸಾವಿತ್ರಿ, ಎಂಥಾ ಎಮ್ಮಿ ತರೂಣು? ಮೇವಿಗೆ ಹೆಂಗ ಮಾಡೂಣು?" ಎಂದು ಕೇಳತೊಡಗಿದ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವಳ ಕೈಯನ್ನಲ್ಲ, ಅವಳನ್ನು ಕೇಳಿದ್ದ. ಅವಳು ಹೊಟ್ಟೆತುಂಬ ಹೇಳಿದಳು. ಇದನ್ನು ಬಿಟ್ಟುಕೊಟ್ಟು ಆ ಒಂದು ಮಾತು ಹೇಳುವುದು ಹೇಗೆ?

ಇತ್ತ ಸಣ್ಣವ್ವ ಊಟಕ್ಕೊಮ್ಮೆ ಮಲ್ಲಿಕಾಳನ್ನು ಚುಚ್ಚಿದಳು. "ಆಕಿಗೆ ಜಾಸ್ತಿ ಬಡಸು, ವರ್ಷದ ಬೀಗತಿ," ಎನ್ನುವಳು. "ಉಪ್ಪಿನಕಾಯಿ ಭರಣಿ ಅರ್ಧ ಇಟಗೊಂಡಾಳೋ ಏನೊ ನೋಡು," ಎನ್ನುವಳು. ಸಿದ್ಧಲಿಂಗ ತಲೆ ತಗ್ಗಿಸಿ ಉಣ್ಣುವನು. ಮಲ್ಲಿಕಾ ಪ್ರತಿ ಸಲ ಅತ್ತೆಯನ್ನು ನೋಡದೆ ಸಾವಿತ್ರೆವ್ವನನ್ನು ನೋಡುವಳು. ಸಾವಿತ್ರೆವ್ವ ರೊಟ್ಟಿ ಮಗುಚುವಳು.

ಕೃಷ್ಣಾ ಮಾತ್ರ ಈಗಲೂ ಚಿಗವ್ವನ ಬೆನ್ನು ಬಿಡಲಿಲ್ಲ. ಒಂದು ಬೆಳಿಗ್ಗೆ ಸಾವಿತ್ರೆವ್ವ ಹೇಳಿಯೇ ಬಿಡುವುದೆಂದು ಪಡಸಾಲೆಗೆ ಬಂದಳು. ಮಲ್ಲಿಕಾ ಕೃಷ್ಣಾಳಿಗೆ ಜಡೆ ಹಾಕುತ್ತಿದ್ದಳು. "ಅವ್ವ ಹಾಕಿದ್ದು ಸಡ್ಲ ಆಗ್ತೈತಿ, ನೀ ಬಿಗದು ಹಾಕು," ಎನ್ನುತ್ತಿದ್ದಳು ಹುಡುಗಿ. ಸಾವಿತ್ರೆವ್ವ ಬಂದ ದಾರಿಯಲ್ಲೇ ತಿರುಗಿ ಹೋದಳು.

ಹೋಳಿ ಹುಣ್ಣಿಮೆ ಆದ ಮೇಲೆ ಮಲ್ಲಿಕಾ ಮಾವನ ಮುಂದೆ ಬಂದು ನಿಂತಳು. ಸಿದ್ಧಲಿಂಗ ಅವಳ ಹಿಂದೆ ಇದ್ದ.

"ಮಾವಾರ, ನಾವು ಬ್ಯಾರಿ ಇರ್ತೀವ್ರಿ."

"ಅಂದ ಮ್ಯಾಲ ಅದು ಖರೇನ ಆತಲ್ಲ," ಎಂದಳು ಸಣ್ಣವ್ವ.

"ಆಗ ಸುಳ್ಳಿತ್ರಿ. ನೀವೆಲ್ಲಾರೂ ನಂಬಿದ್ರಿ. ಈಗ ಖರೇ ಮಾಡಾಕತ್ತೀನಿ."

ಲಕ್ಷ್ಮಣಪ್ಪ ಮಕ್ಕಳನ್ನೂ ಸೊಸೆಯರನ್ನೂ ಕೂರಿಸಿಕೊಂಡು, "ಒಡದ್ರ ಮತ್ತ ಕೂಡೂದಿಲ್ಲ. ಯಾರಿಗರ ಏನರ ಹೇಳೂದೈತೇನು?" ಎಂದು ಕೇಳಿದ. ಅವನ ಕಣ್ಣು ಒಬ್ಬೊಬ್ಬರ ಮೇಲೂ ಹೋಯಿತು, ಸಾವಿತ್ರೆವ್ವನ ಮೇಲೆ ತುಸು ಹೆಚ್ಚು ಹೊತ್ತು ನಿಂತಿತು. ಅವಳ ಬಾಯಿಗೆ ಮಾತು ಬಂದಿತ್ತು. ಎದುರಿಗೆ ಕೃಷ್ಣಾ ಮಲ್ಲಿಕಾಳ ಸೆರಗು ಹಿಡಿದು ಅಳುತ್ತಿದ್ದಳು. ತಾನು ತವರಿಗೆ ಹೋಗುವಾಗಲೂ ಮಗಳು ಹಾಗೆ ಅತ್ತಿರಲಿಲ್ಲ. ಸಾವಿತ್ರೆವ್ವ ಬಾಯಿ ಮುಚ್ಚಿದಳು.

ಹಿತ್ತಲ ಕಡೆಯ ಎರಡು ಖೋಲಿ ಕಿರಿಯವರಿಗೆ ಹೋದವು, ನಡುವೆ ಒಂದು ಮೊಳ ದಪ್ಪದ ಗೋಡೆ ಎದ್ದಿತು. ಮೆಣಸಿನಕಾಯಿಯ ಹಣ ಎರಡು ಪಾಲಾಯಿತು. ಸಣ್ಣವ್ವ ದೊಡ್ಡ ಮಗನ ಕಡೆ ಉಳಿದಳು. ಲಕ್ಷ್ಮಣಪ್ಪನೂ ಇಲ್ಲೇ ಇರುತ್ತಾನೆ ಎಂದು ಸಾವಿತ್ರೆವ್ವ ಅವನು ಉಣ್ಣುವ ಗಂಗಾಳ ತೊಳೆದಿಟ್ಟಿದ್ದಳು. ಅವನು ಬಂದು ಗಂಗಾಳ ಎತ್ತಿಕೊಂಡ.

"ನಾ ಸಣ್ಣವನ ಕಡೆ ಉಣ್ತೀನವ್ವಾ."

"ನಾ ಏನ ಕಡಿಮಿ ಮಾಡಿದ್ದೆ ಮಾವಾರ?"

"ಏನೂ ಮಾಡಿಲ್ಲ. ಆ ಫೋನ್ ನನಗ ಎಷ್ಟೊ ಪ್ರಶ್ನಿ ಕೇಳ್ತಿತ್ತು. ಅದಕ್ಕ ನಾನ ಒಂದು ಪ್ರಶ್ನಿ ಕೇಳೂದು ಮರತೆ. 'ನಿನಗ ಇದನ್ನ ಯಾರ ಹೇಳಿದ್ರು' ಅಂತ ಅದನ್ನ ಕೇಳಬೇಕಿತ್ತು." ಗಂಗಾಳವನ್ನು ಕಂಕುಳಲ್ಲಿ ಇಟ್ಟುಕೊಂಡ. "ಇನ್ನ ಕೇಳಿ ಏನ ಮಾಡೂದೈತಿ."

ಯುಗಾದಿ ಮುಗಿದ ಮೇಲಿನ ಸಂತೆಯಲ್ಲಿ ಸಾವಿತ್ರೆವ್ವ ಎಮ್ಮೆ ಕೊಂಡಳು. ನೋಟನ್ನು ಕಣ್ಣಿಗೊತ್ತಿಕೊಂಡು ಮಾರುವವನ ಅಂಗೈಯಲ್ಲಿಟ್ಟಳು. ನೋಡುವುದಕ್ಕೆ ಮಾಳಪ್ಪ ಒಬ್ಬನೇ ಇದ್ದ, ಅವನು ಬೀಡಿ ಹಚ್ಚುತ್ತಿದ್ದ. ಎಮ್ಮೆ ಒಳ್ಳೆಯದೇ ಬಂತು, ಎರಡು ಹೊತ್ತೂ ಕೊಡ ತುಂಬುವಂತೆ ಹಿಂಡಿತು. ಕೈಗುಣ ಸುಳ್ಳಾಗಿರಲಿಲ್ಲ.

ಗೋಡೆಯ ಆಚೆ ಮಷಿನ್ ಬಂದಿತ್ತು. ಮಲ್ಲಿಕಾಳ ಪಾಲು ಸಾಲದ್ದಕ್ಕೆ ಅವಳ ತವರಿನವರು ಕೂಡಿಸಿದ್ದರು. ಬೆಳಗಾದರೆ ಅದರ ಸಪ್ಪಳ. ಮೀರಾಬಿ ಈಗ ಮೊದಲು ಆ ಬಾಗಿಲಿಗೆ ಹೋಗಿ ಆಮೇಲೆ ಈ ಬಾಗಿಲಿಗೆ ಬರುವಳು. ಕೃಷ್ಣಾ ಶಾಲೆ ಬಿಟ್ಟರೆ ಆಚೆಯೇ, ಊಟವೂ ಎಷ್ಟೋ ಸಲ ಅಲ್ಲೇ. ಸಣ್ಣವ್ವ ಕೂಡ "ಮಷಿನ್ ಹೆಂಗ ಒತ್ತತೈತಿ ನೋಡಿ ಬರ್ತೀನಿ" ಎಂದು ಹೋದವಳು ರೊಟ್ಟಿ ಎಣಿಸುತ್ತ ಕೂತುಬಿಡುವಳು. ವರ್ಷದ ಬೀಗತಿ ಎಂದದ್ದು ಅವಳಿಗೆ ಮರೆತೇ ಹೋಗಿತ್ತು. ಸಾವಿತ್ರೆವ್ವ ಗೋಡೆಗೆ ಬೆನ್ನು ಹಾಕಿ ಹಾಲು ಹಿಂಡುವಳು. ಆಚೆಯ ನಗೆ ಯಾರದು ಯಾರದು ಎಂದು ಅವಳಿಗೆ ನೋಡದೆಯೇ ಗೊತ್ತಾಗುತ್ತಿತ್ತು.

ಒಂದು ಸಂಜೆ ಅವಳು ಹಾಲಿನ ಕೊಡ ತಂದು ಒಲೆಯ ಪಕ್ಕ ಇಟ್ಟಳು. ಮಾಳಪ್ಪ ಕಟ್ಟೆಯ ಮೇಲೆ ಕೂತು ತನ್ನ ಫೋನನ್ನು ಬಾಯಿ ಹತ್ತಿರ ಹಿಡಿದಿದ್ದ. ಉಪ್ಪಿಲ್ಲದಿದ್ದರೂ ಮಾತಾಡದೆ ಉಣ್ಣುವ ಗಂಡಸು ಅವನು.

"ಏನ ಮಾಡಾಕತ್ತೀರಿ?"

"ಹಾಲು ಮನಿಗೆ ಎಷ್ಟ ಇಟಗೋಬೇಕು, ಡೇರಿಗೆ ಎಷ್ಟ ಹಾಕಬೇಕು, ಕೇಳಾಕತ್ತೀನಿ. ಮಲ್ಲಿಕಾ ಇದರಾಗೂ ಹಾಕಿಕೊಟ್ಟಾಳ."

"ನನ್ನ ಕೇಳಿದ್ರ ನಾ ಹೇಳತಿದ್ದಿಲ್ಲೇನು?"

"ನಿನ್ನೂ ಕೇಳೂಣಂತ. ಇದನ್ನೂ ಒಮ್ಮೆ ಕೇಳೂಣು."

ಫೋನಿನಿಂದ ಅದೇ ಹೆಣ್ಣು ದನಿ ಬಂತು. "ಖಂಡಿತ ಹೇಳುತ್ತೇನೆ. ಮೊದಲು ಒಂದು ವಿಷಯ ತಿಳಿಸಿ. ನಿಮ್ಮ ಮನೆಯಲ್ಲಿ ಎಷ್ಟು ಜನ ಇದ್ದೀರಿ?"

"ಎಷ್ಟ ಮಂದಿ ಅನ್ಲಿ?" ಎಂದು ಮಾಳಪ್ಪ ಹೆಂಡತಿಯನ್ನು ಕೇಳಿದ. "ಖರೇ ಹೇಳಬೇಕಂತ ನೋಡು. ಸುಳ್ಳ ಹೇಳಿದ್ರ ಸುಳ್ಳಿಗೆ ತಕ್ಕಂಗ ಹೇಳ್ತೈತಂತ. ಮಲ್ಲಿಕಾ ಅಂದ್ಲು."

ಆಚೆ ಮಷಿನ್ ನಿಂತಿತ್ತು. ಲಕ್ಷ್ಮಣಪ್ಪ ಏನೋ ಕೇಳುತ್ತಿದ್ದ, ಕೃಷ್ಣಾ ಏನೋ ಹೇಳುತ್ತಿದ್ದಳು, ಸಣ್ಣವ್ವ ನಡುವೆ ಬಾಯಿ ಹಾಕುತ್ತಿದ್ದಳು. ಗಂಗಾಳ ಹಾಕುವ ಸಪ್ಪಳ ಕೇಳಿಸಿತು.

"ಏಳು," ಎಂದಳು ಸಾವಿತ್ರೆವ್ವ.

ಮಾಳಪ್ಪ ಅವಳ ಮುಖ ನೋಡಿದ, ಗೋಡೆ ನೋಡಿದ. ಆಮೇಲೆ ಫೋನಿಗೆ, "ಏಳು ಮಂದಿ ಅದೀವ್ರಿ," ಎಂದ.

ಅದು ನಂಬಿತು. ಏಳು ಜನಕ್ಕೆ ಇಷ್ಟು ಎಂದು ಅಳತೆ ಹೇಳಿತು. ಸಾವಿತ್ರೆವ್ವ ಅಷ್ಟನ್ನೂ ದೊಡ್ಡ ಬೋಗುಣಿಗೆ ಸುರಿದು ಕಾಯಿಸಿ, ಆರಿದ ಮೇಲೆ ಹೆಪ್ಪು ಹಾಕಿ, ಮೇಲೆ ತಾಟು ಮುಚ್ಚಿದಳು. ಬೆಳಿಗ್ಗೆ ಗಟ್ಟಿ ಮೊಸರಾಗಿತ್ತು. ಅವಳು ಬೋಗುಣಿ ಎತ್ತಿಕೊಂಡು ಗೋಡೆಯವರೆಗೆ ಹೋದಳು, ಸ್ವಲ್ಪ ಹೊತ್ತು ನಿಂತಳು, ಹಾಗೇ ಹಿಂದಕ್ಕೆ ತಂದು ಇದ್ದಲ್ಲೇ ಇಟ್ಟಳು.